ಮಾನಸ ಎಂದರೆ ಇಲ್ಲಿ ತೂಬು

ಬಾಂಬೋಳಿಯ ಆಸ್ಪತ್ರೆಯಲ್ಲಿ ನನ್ನ ಕೆಲಸ
ಡಾಕ್ಟರು ಸೂಜಿ ಚುಚ್ಚುವಾಗ ಯಂತ್ರದ ಪಕ್ಕ ಕೂತು
ಸ್ನಾಯುಗಳ ಮಾತು ಕೇಳುವುದು.
ಬಿಡುವಾಗಿರುವ ಸ್ನಾಯು ಏನೂ ಹೇಳುವುದಿಲ್ಲ.
ಹಾಗಿರಬೇಕು.

ಬೊಮ್ಮು ಆಗೇರನ ಮೀನಖಂಡ ಹಾಗಿರಲಿಲ್ಲ.
ಮೀನಖಂಡ ಎಂದು ಹೆಸರಿಟ್ಟವರು ಯಾರೋ,
ಇವನ ಕಾಲು ನೋಡಿಯೇ ಇಟ್ಟಿರಬೇಕು:
ಇಳಿತಕ್ಕೆ ಕೆಸರಲ್ಲಿ ಸಿಕ್ಕಿಬಿದ್ದ ಮರಿಮೀನಿನಂತೆ
ಚರ್ಮದಡಿ ಏನೋ ಹೊರಳುತ್ತಿತ್ತು.
ಸೂಜಿ ಇಳಿದದ್ದೇ ತಡ, ಸ್ಪೀಕರಿನಿಂದ ಉಪ್ಪು ಸುರಿಯಿತು,
ತಗಡಿನ ಮೇಲೆ, ಎರಡೆರಡು ಮೂರುಮೂರು ಹರಳು ಒಟ್ಟಿಗೆ.
'ಅಲುಗಾಡಿಸಬೇಡಪ್ಪಾ' ಎಂದೆ.
'ನಾ ಎಲ್ಲಿ ಅಲುಗಾಡಿಸ್ತೆ ಅಕ್ಕೋರೇ, ಅದೇ ಆಡ್ತದೆ.'

ಗೋಕರ್ಣದ ಕಡೆಯವನು.
ನೇರೂಲಿನ ಉಪ್ಪಿನಾಗರದಲ್ಲಿ ಹನ್ನೊಂದು ವರ್ಷ ಬಾಚಿದವನು.
ಜನವರಿಯ ಬೆಳಗಿಗೂ ಬೆವರಿ ತೊಪ್ಪೆ,
ಅಂಗಿ ಒಣಗಿದರೆ ಬಿಳಿ ಗೆರೆ.
ಬೊಮ್ಮುವಿನ ಬೆನ್ನಿಂದಲೇ ಒಂದು ಪಾತಿ ಉಪ್ಪು ತೆಗೆಯಬಹುದು
ಎಂದು ಜೊತೆಯವರು ನಕ್ಕರಂತೆ.
ರಾತ್ರಿ ನಗಲು ಯಾರೂ ಇರಲಿಲ್ಲ.
ಎರಡು ತಿಂಗಳಿಂದ ಕಣ್ಣು ಮುಚ್ಚಿದರೂ
ಕಾಲು ಎದ್ದೇ ಕೂತಿರುತ್ತಿತ್ತು.

ಡಾಕ್ಟರ್ ಕ್ವಾದ್ರುಸ್ ಹೇಳಿದ್ದನ್ನು ನಾನು ಕನ್ನಡಕ್ಕೆ ತರಬೇಕು.
ಅಯಾನು, ಚಾನೆಲ್ಲು, ಆಂಟಿಬಾಡಿ:
ಯಾವುದೂ ನಾಲಿಗೆಗೆ ಹತ್ತಲಿಲ್ಲ. ಹತ್ತಿದ್ದು ಜಂತ್ರಡಿ.
'ನಿಮ್ಮ ಗಜನಿಗೆ ಜಂತ್ರಡಿ ಇರ್ತದಲ್ಲ?'
'ಇಲ್ಲಿ ಅದಕ್ಕೆ ಮಾನಸ ಅಂತಾರೆ' ಅಂದ.

ಮಾನಸ.
ನಮಗೆ ಅದು ಮನಸ್ಸಿನದು, ಇಲ್ಲಿ ಬದುವಿನ ಮರದ ಬಾಗಿಲು.
ಉಬ್ಬರ ಬಂದರೆ ನೀರಿನ ಭಾರಕ್ಕೇ ಮುಚ್ಚಿಕೊಳ್ಳುವುದು,
ಇಳಿತಕ್ಕೆ ತಾನೇ ತೆರೆಯುವುದು,
ಕೈ ಬೇಡ ಕೀಲಿ ಬೇಡ.

ನರಕ್ಕೂ ಹಾಗೇ ಸಾವಿರ ಬಾಗಿಲು, ಎಂದೆ.
ಹೊರಗಿನ ಉಪ್ಪು ಒಳಗೆ ನುಗ್ಗಿದರೆ ಸುದ್ದಿ ಓಡುತ್ತದೆ:
ಎತ್ತು, ಇಡು, ಬಾಚು.
ಒಳಗಿನ ಪೊಟ್ಯಾಶಿಯಮ್ಮು ಬೇರೆ ಬಾಗಿಲಿಂದ ಹೊರಟರೆ
ಸುದ್ದಿ ನಿಲ್ಲುತ್ತದೆ.
ಆ ನಿಲ್ಲಿಸುವ ಬಾಗಿಲಿಗೇ
ನಿನ್ನ ರಕ್ತದ ಕಾವಲಿನವರು ಕೈ ಹಾಕಿದ್ದಾರೆ.
ಅದಕ್ಕೇ ಬಾಚು ಬಾಚು ಬಾಚು,
ಬಾಚಲು ಏನೂ ಇಲ್ಲದಾಗಲೂ.

ಕ್ವಾದ್ರುಸ್ ತಡೆದರು. ಬಾಗಿಲಿಗಲ್ಲ,
ಬಾಗಿಲನ್ನು ಜಾಗದಲ್ಲಿ ಹಿಡಿದ ಕಂಬಕ್ಕೆ.
ಬಹಳ ವರ್ಷ ನಾವೂ ಬಾಗಿಲೆಂದೇ ತಿಳಿದಿದ್ದೆವು.

ಬೊಮ್ಮು ತನ್ನ ಕಾಲನ್ನೇ ನೋಡುತ್ತ ಕೂತ.
'ಕಾವಲಿನವರೇ?'
ಆಮೇಲೆ ಸೂಜಿಯ ಗುರುತು ಉಜ್ಜಿಕೊಳ್ಳುತ್ತ ಹೇಳಿದ:
ಹೋದ ಮಳೆಗಾಲ ಮಾನಸದ ಮೀನು ಹರಾಜಿಗೆ ಹಿಡಿದವ
ರಾತ್ರಿ ಹಲಗೆ ಎತ್ತಿ ಉಪ್ಪುನೀರು ಬಿಟ್ಟನಂತೆ, ಸಿಗಡಿಯ ಆಸೆಗೆ.
ಆಚೆಯ ಭತ್ತವೆಲ್ಲ ಕರಕಲು.
'ಅವ್ನಿಗಾದ್ರೆ ಸಿಗಡಿ ಸಿಕ್ತು.
ಇವ್ರಿಗೆ ಏನ್ ಸಿಗ್ತದೆ ಅಕ್ಕೋರೇ?'

ಅದನ್ನು ನಾನು ಕೊಂಕಣಿಗೆ ತಿರುಗಿಸಿದೆ.
ಕ್ವಾದ್ರುಸ್ ಕನ್ನಡಕ ಒರೆಸಿಕೊಂಡರು.
ಎದೆಯ ಸ್ಕ್ಯಾನಿನಲ್ಲಿ ಗಂಟು ಹುಡುಕಿದ್ದರು, ಸಿಕ್ಕಿರಲಿಲ್ಲ.
ಸಿಕ್ಕಿದ್ದರೆ ಸಿಟ್ಟಿಗೊಂದು ವಿಳಾಸವಾದರೂ ಇರುತ್ತಿತ್ತು.

ಐದು ಸಲ ರಕ್ತ ಹೊರಗೆಳೆದು
ಹಳದಿ ನೀರು ಬಸಿದು ತಿರುಗಿ ಒಳಗೆ ಬಿಟ್ಟರು.
ಬಸಿದ ಚೀಲವನ್ನು ಬೆಳಕಿಗೆ ಹಿಡಿದು ನೋಡಿದೆ.
ಗಂಜಿಯ ತಿಳಿಯಂತಿತ್ತು.
ಅದರಲ್ಲಿ ವೈರಿಯಂಥವರು ಯಾರೂ ಕಾಣಲಿಲ್ಲ.

ಮೂರನೆಯ ವಾರ ಮತ್ತೆ ಸೂಜಿ.
ಯಂತ್ರ ಪೂರ್ತಿ ಬಾಯಿ ಮುಚ್ಚಿರಲಿಲ್ಲ.
ಒಂದು ಹರಳು ಉದುರಿತು,
ಬಹಳ ಹೊತ್ತಿನ ಮೇಲೆ ಇನ್ನೊಂದು.
ಮೂರನೆಯದಕ್ಕೆ ಕಾದು ಕಾದು ತಲೆ ಎತ್ತಿದರೆ
ಬೊಮ್ಮು ನಿದ್ದೆಹೋಗಿದ್ದ,
ಕಾಲಲ್ಲಿ ಸೂಜಿ ಇದ್ದ ಹಾಗೇ, ಬಾಯಿ ತೆರೆದು.

ಡಾಕ್ಟರು ಸೂಜಿ ತೆಗೆಯಲಿಲ್ಲ.
ನಾನು ದನಿ ತಗ್ಗಿಸಲಿಲ್ಲ.
ಮಾಂಡವಿಯಲ್ಲಿ ಆಗ ಉಬ್ಬರವೋ ಇಳಿತವೋ,
ಹೊರಗಿನ ಬೆಂಚಿನಲ್ಲಿ
ಇನ್ನೂ ಹದಿನಾಲ್ಕು ಜನ ಚೀಟಿ ಹಿಡಿದು ಕೂತಿದ್ದರು.