ಒಳಮೈ

ಜ್ಯಾಕಿನ ಮೇಲೆ ಎತ್ತಿ, ಹಿಂದಿನ ಬಲಚಕ್ರ ಬಿಚ್ಚಿ
ಗೋಡೆಗೆ ಒರಗಿಸಿದ್ದೇನೆ. ಐದು ಬೋಲ್ಟು ಬಟ್ಟಲಲ್ಲಿ.
ನೆಲ ನೆಕ್ಕುವ ಹಳದಿ ಕಾರು, ಎರಡೇ ಬಾಗಿಲು;
ಉಪ್ಪಳದ ಈ ತಗಡಿನ ಮಾಡಿನ ಕೆಳಗೆ
ಮದುವೆಗೆ ಬಂದವರು ದಾರಿ ತಪ್ಪಿ
ಅಡುಗೆ ಕೋಣೆಗೆ ಹೊಕ್ಕ ಹಾಗೆ ನಿಂತಿದೆ.

ಶಾರ್ಜಾದಿಂದ ಸವಾದ್, ವೀಡಿಯೋದಲ್ಲಿ:
"ಹನ್ನೊಂದು ತಿಂಗಳಾಯ್ತು, ಶೆಡ್ಡಿನಿಂದ ಹೊರಗೆ ತೆಗೆದದ್ದಿಲ್ಲ.
ವಾರಕ್ಕೊಮ್ಮೆ ಸ್ಟಾರ್ಟು, ಹತ್ತು ನಿಮಿಷ, ಬಂದ್.
ತಂಗಿಗೆ ಹೇಳಿದ್ದು ಅಷ್ಟೇ.
ಮತ್ತೆ ಚಕ್ರ ಹೇಗೆ ಕಚ್ಚಿತು, ಐತ್ತಪ್ಪಣ್ಣ?"
ಫೋನು ಹಿಡಿದವಳು ಮಿಸ್ರಿಯ.
ಕೈ ಅಲುಗದ ಹಾಗೆ ಹಿಡಿದಿದ್ದಾಳೆ.

ಮೊದಲು ಡಿಸ್ಕಿನ ಹೊರಮೈ.
ಅಂಚಿಗೆಲ್ಲ ತುಕ್ಕು,
ಕಾವಲಿಗೆ ಅಂಟಿದ ದೋಸೆಯ ಸುತ್ತಿನಂತೆ ಎದ್ದಿದೆ.
ಒಂದು ಕಡೆ ಪ್ಯಾಡಿನ ಅಚ್ಚು, ಕಪ್ಪಗೆ.
ಒದ್ದೆಯಲ್ಲೇ ಕೈಬ್ರೇಕು ಎಳೆದಿಟ್ಟ ಗುರುತು ಅದು:
ಹಿಡಿದ ಮುಷ್ಟಿ ಬಿಡದೆ ಯಾರೋ ನಿದ್ದೆ ಹೋದದ್ದು.
ಇಷ್ಟರವರೆಗೆ ಸವಾದ್ ಹೇಳಿದ್ದು ಸರಿ.

ಒಳಮೈಗೆ ಕನ್ನಡಿ ತೂರಿಸುತ್ತೇನೆ,
ಹಲ್ಲಿನ ಡಾಕ್ಟ್ರು ಎಸೆದದ್ದು, ಹಿಡಿ ತುಂಡಾದದ್ದು.
ಅಲ್ಲಿ ಬೇರೆಯೇ ಸಂಗತಿ.
ಬೆಳ್ಳಗೆ ಹೊಳೆಯುವ ಪಟ್ಟಿ, ಗೆರೆ ಗೆರೆ;
ಒಳಗಿನ ಪ್ಯಾಡು ಉಗುರಿನಷ್ಟು ಉಳಿದಿದೆ,
ಹೊರಗಿನದ್ದು ಹೆಚ್ಚುಕಡಿಮೆ ಹೊಸತು.
ಜಾರಬೇಕಾದ ಪಿನ್ನು ಉಪ್ಪು ತಿಂದು ಜಾರದೆ ಕೂತಿದೆ,
ಇಬ್ಬರು ಒತ್ತುವಲ್ಲಿ ಒಬ್ಬನೇ ಒತ್ತಿದ್ದಾನೆ.

ಮೈಕ್ರೋಮೀಟರು ಇಟ್ಟು ಎಂಟು ಕಡೆ ಅಳೆಯುತ್ತೇನೆ.
ಮನೆಯಲ್ಲಿ ತುಳು, ಗಿರಾಕಿಗೆ ಮಲಯಾಳ, ಬಿಡಿಭಾಗದ ಅಂಗಡಿಗೆ ಹಿಂದಿ.
ಅಳತೆ ಮಾತ್ರ ಕನ್ನಡದಲ್ಲೇ ಬರುತ್ತದೆ ಬಾಯಿಗೆ,
ಏಳನೆಯ ಕ್ಲಾಸಿನವರೆಗೆ ಮಗ್ಗಿ ಹೇಳಿಸಿದ ಭಾಷೆ.
ಹತ್ತು ಪಾಯಿಂಟ್ ಸೊನ್ನೆ ಎರಡು.
ಒಂಬತ್ತು ಪಾಯಿಂಟ್ ಒಂಬತ್ತು ಆರು.
ಒಂಬತ್ತು ಪಾಯಿಂಟ್ ಒಂಬತ್ತು.
ನಿಂತ ಕಾರು ಹೀಗೆ ಸವೆಯುವುದಿಲ್ಲ.
ತುಕ್ಕು ತಿನ್ನುತ್ತದೆ. ಗೆರೆ ಎಳೆಯುವುದಿಲ್ಲ.

ಕ್ಯಾಲಿಪರಿನ ಸಂದಿಯಲ್ಲಿ ಬೆರಳಾಡಿಸಿದರೆ ಮರಳು.
ಹೊಳೆಯದ್ದಲ್ಲ, ಕಡಲಿನದ್ದು;
ಅದರಲ್ಲೊಂದು ಚಿಪ್ಪಿನ ಚೂರು.

ನಾನು ತಲೆ ಎತ್ತುವುದಿಲ್ಲ.
ಅವಳ ಚಪ್ಪಲಿ ಕಾಣುತ್ತದೆ. ಬಲಗಾಲಿನದ್ದು
ಹಿಮ್ಮಡಿಯ ಹೊರಗಂಚಿನಲ್ಲಿ ಸವೆದಿದೆ,
ಹಿಮ್ಮಡಿ ಊರಿ ಪೆಡಲಿಂದ ಪೆಡಲಿಗೆ
ಕಾಲು ತಿರುಗಿಸುವವರದ್ದು ಸವೆಯುವ ಹಾಗೆ.
ಬೆಳಗಿನ ಜಾವ ಮೂರಕ್ಕೆ, ಹೊಸ ಆರು ಪಥದಲ್ಲಿ,
ತಲಪಾಡಿ ಕಡೆಯಿಂದ ಹಳದಿಯದ್ದೇನೋ ಹಾದುಹೋಯಿತೆಂದು
ಮೀನಿನ ಲಾರಿಯ ಅದ್ರಾಮ ಹೇಳಿದ್ದ.
ನಿದ್ದೆಗಣ್ಣು ಮಾರಾಯ ನಿನಗೆ, ಎಂದು ನಕ್ಕಿದ್ದೆವು.

"ಏನಾದರೂ ಕಾಣುತ್ತದಾ, ಐತ್ತಪ್ಪಣ್ಣ?"
ಫೋನು ಈಗ ಸಣ್ಣಗೆ ಅಲುಗುತ್ತದೆ.

"ಕಡಲ ಗಾಳಿ," ಅನ್ನುತ್ತೇನೆ. "ನಿಮ್ಮ ಮನೆಯಿಂದ ನೀರಿಗೆ
ಇನ್ನೂರು ಹೆಜ್ಜೆ ಇಲ್ಲ. ಉಪ್ಪು ಯಾರ ಮಾತು ಕೇಳುತ್ತದೆ?
ಎರಡು ಡಿಸ್ಕು, ಪ್ಯಾಡು, ಪಿನ್ನಿನ ಕಿಟ್ಟು,
ಮಂಗಳೂರಿಂದ ಬರಬೇಕು."
ಅದರಲ್ಲಿ ಸುಳ್ಳೆಷ್ಟು ಎಂದು ಅಳೆಯುವ ಗೇಜು ನನ್ನಲ್ಲಿಲ್ಲ.

ಫೋನು ಕಟ್ಟಾದ ಮೇಲೆ ಸ್ವಲ್ಪ ಹೊತ್ತು
ಅವಳೂ ಏನೂ ಹೇಳುವುದಿಲ್ಲ.
ಪಿನ್ನಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತ
ಡಿಸ್ಕಿಗೇ ಹೇಳಿದ ಹಾಗೆ ಹೇಳುತ್ತೇನೆ:
ಮರಳಿಗೆ ಇಳಿಸುವುದು ಬೇಡ, ಡಾಮರು ಸಾಕು.
ತೊಳೆದ ಮೇಲೆ ಒಂದು ಫರ್ಲಾಂಗು ಓಡಿಸಿ
ಮೂರು ಸಲ ಒತ್ತಿ ಒಣಗಿಸಬೇಕು.
ಶೆಡ್ಡಿನಲ್ಲಿ ಕೈಬ್ರೇಕು ಮುಟ್ಟಬಾರದು;
ಗೇರಿಗೆ ಹಾಕಿ, ಚಕ್ರದ ಬುಡಕ್ಕೊಂದು ಕಲ್ಲು ಕೊಟ್ಟರಾಯಿತು.

"ಎಂಥ ಕಲ್ಲು?" ಕೇಳುತ್ತಾಳೆ.

ಮುರಕಲ್ಲು ಬೇಡ ಅನ್ನುತ್ತೇನೆ,
ಟಯರಿಗೆ ಕೆಂಪು ಹಿಡಿಯುತ್ತದೆ.