ನಿವ್ವಳ

ಅರವತ್ತು ಟನ್ನಿನ ಕಾಟಾ ಇದು.
ಹತ್ತು ಕಿಲೋಗಿಂತ ಹಗುರಾದದ್ದು ಇದರ ಕಣ್ಣಿಗೆ ಬೀಳುವುದಿಲ್ಲ.
ಆದರೂ ಮೊನ್ನೆ, ಯಾರೂ ಇಲ್ಲದ ಹೊತ್ತು ನೋಡಿ,
ಆರುನೂರ ಹನ್ನೆರಡು ಪುಟದ ಆ ಕೋಟೆಯ ಕಾದಂಬರಿಯನ್ನು
ಒಯ್ದು, ಕಬ್ಬಿಣದ ಹಾಸಿನ ನಟ್ಟನಡುವೆ ಇಟ್ಟು,
ಒಳಗೆ ಓಡಿಬಂದು ನೋಡಿದೆ.
ಕೆಂಪು ಅಂಕಿ: ಸೊನ್ನೆ.
ನಲವತ್ತು ಸಾವಿರ ಕುದುರೆ, ಏಳು ಫಿರಂಗಿ, ಒಬ್ಬ ನವಾಬ,
ಸೊನ್ನೆ.

ಆದೋನಿಯ ಜಿನ್ನಿಂಗ್ ಮಿಲ್ಲಿನಲ್ಲಿ ರಾತ್ರಿ ಪಾಳಿಯೆಂದರೆ
ಎರಡು ಲಾರಿಯ ನಡುವೆ ಮೂವತ್ತು ಪುಟ.
ಬಳ್ಳಾರಿಗೆ ಹತ್ತಿಬೀಜ ಒಯ್ದ ಹುಸೇನಪ್ಪ
ತಿರುಗಿ ಬರುವಾಗ ಸೀಟಿನ ಹಿಂದೆ ಪುಸ್ತಕ ಹಾಕಿಕೊಂಡು ಬರುತ್ತಾನೆ.
ಅಂಗಡಿಯವನು ಕೊಟ್ಟದ್ದು, ಆರಿಸಿ ತಂದದ್ದಲ್ಲ.
ಒಮ್ಮೆ ಚರಿತ್ರೆ, ಒಮ್ಮೆ ಈಗಿನದು,
ಒಮ್ಮೆ ಎರಡೂ ಬಿಟ್ಟು ಸಕ್ಕರೆ ಕಾಯಿಲೆಗೆ ಮನೆಮದ್ದು.

ಈಗಿನದೊಂದು, ತೆಳ್ಳಗೆ, ನೂರ ನಲವತ್ತೇ ಪುಟ.
ಗಂಡ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ
ಬೇರೆಯಾಗುವ ಮಾತಾಡುತ್ತಾರೆ.
ಯಾರೂ ಅಳುವುದಿಲ್ಲ. ಬೆಣ್ಣೆ ಮಾತ್ರ ಕರಗುತ್ತದೆ.
ಓದಿ ಮುಗಿಸಿದ ಮೇಲೆ ಎರಡು ದಿನ
ನಾನೂ ಮನೆಯಲ್ಲಿ ಆ ಬಾಗಿಲನ್ನು ಮೆಲ್ಲಗೆ ಹಾಕಿದೆ.
ಹುಸೇನಪ್ಪ ನಾಕು ಪುಟ ತಿರುವಿ,
"ಇಷ್ಟೊತ್ತು ಫ್ರಿಜ್ ಮುಂದ ನಿಂತು
ಯಾರೂ ಒಂದು ತುತ್ತು ತಿನ್ನಂಗಿಲ್ಲಲ್ಲ ಅಕ್ಕಾ" ಅಂದ.

ಹತ್ತಿಯನ್ನು ಮುಷ್ಟಿಯಲ್ಲಿ ಹಿಂಡಿ ನೋಡುವ ರೂಢಿ ನನಗೆ.
ತೂಕ ಬರಲೆಂದು ರಾತ್ರಿ ನೀರು ಚಿಮುಕಿಸಿದ ಬೋರಾ
ಮೇಲೆ ಬೆಳ್ಳಗೆ, ನಡುವೆ ತಣ್ಣಗೆ.
ಕೋಟೆಯ ಕಾದಂಬರಿಯೂ ಹಾಗೇ.
ಸಾಯುವ ಪ್ರತಿ ಸಿಪಾಯಿಗೂ ಊರಲ್ಲೊಬ್ಬಳು ತಾಯಿ,
ಆ ತಾಯಿಗೊಂದು ದೀಪ, ಆ ದೀಪಕ್ಕೊಂದು ಗಾಳಿ.
ಹಿಂಡಿದರೆ ಕೈಯೆಲ್ಲ ಒದ್ದೆ.
ಊರ ಹೆಸರು ಬದಲಿಸಿದ್ದಾನೆ, ಬಂಡೆ ಬದಲಿಸಲಾಗಿಲ್ಲ.
ನಮ್ಮ ಗುಡ್ಡವೇ ಅದು.
ನಮ್ಮ ಮೇಕೆ ಜಾರುವ ಮೆಟ್ಟಿಲಲ್ಲಿ
ಅವನ ಕುದುರೆ ನಾಗಾಲೋಟದಲ್ಲಿ ಏರುತ್ತದೆ.

ಆದರೆ ಮುನ್ನೂರ ನಲವತ್ತೊಂದನೇ ಪುಟದಲ್ಲಿ
ಒಬ್ಬಳಿದ್ದಾಳೆ. ಹೆಸರಿಲ್ಲ.
ಕಣಜದ ಲೆಕ್ಕ ಇಡುವವಳು.
ಜೋಳ ಇರುವುದು ಹನ್ನೊಂದೇ ದಿನಕ್ಕೆ, ಅವಳೊಬ್ಬಳಿಗೇ ಗೊತ್ತು.
ಕೇಳಿದವರಿಗೆ, ತಿಂಗಳಿಗಿದೆ, ಅನ್ನುತ್ತಾಳೆ.
ಅಷ್ಟೇ. ನಾಲ್ಕು ಸಾಲು.
ಆಮೇಲೆ ಫಿರಂಗಿ, ಕಹಳೆ, ನಡುವೆ ಒಂದು ಮದುವೆ ಬೇರೆ.
ಉಳಿದ ಇನ್ನೂರ ಎಪ್ಪತ್ತು ಪುಟ ಅವಳನ್ನೇ ಹುಡುಕುತ್ತ ಓದಿದೆ,
ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರ ಮುಖ ನೋಡುವ ಹಾಗೆ.
ಬರಲಿಲ್ಲ.

ಭರ್ತಿ ಲಾರಿಯಲ್ಲಿ ಖಾಲಿ ಲಾರಿ ಕಳೆದರೆ
ಉಳಿಯುವುದು ನಿವ್ವಳ.
ಕೋಟೆಯದರಲ್ಲಿ ಲಾರಿಯೇ ಲಾರಿ, ನಿವ್ವಳ ನಾಲ್ಕು ಸಾಲು.
ಫ್ರಿಜ್ಜಿನದಕ್ಕೆ ಲಾರಿಯೇ ಇಲ್ಲ,
ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಬಂದಿದ್ದಾರೆ.
ಯಾವುದು ಹೆಚ್ಚು ಅಂತ ಕೇಳಬೇಡಿ.
ಎರಡನೇ ಸಲ ಓದಲು ಹಿಡಿದದ್ದು ದೊಡ್ಡದನ್ನೇ.

ನೆಲದ ಅರಳೆ ಗುಡಿಸುವ ಮಾಲನ್ ಬಿ
ಮೂರು ಗಂಟೆಯ ಚಹಾಕ್ಕೆ ಬಂದು ಕೂತಳು.
ಕನ್ನಡ ಓದಲು ಬರದು, ಕೇಳಲು ಬರುತ್ತದೆ.
"ಏನೈತಿ ಅದ್ರಾಗ?"
ನವಾಬನನ್ನು ಬಿಟ್ಟೆ, ಕುದುರೆ ಬಿಟ್ಟೆ,
ಮುನ್ನೂರ ನಲವತ್ತೊಂದರಿಂದ ಶುರು ಮಾಡಿದೆ,
ಅರ್ಧ ಕನ್ನಡ, ಅರ್ಧ ತೆಲುಗು.
ಹನ್ನೊಂದು ದಿನ ಅಂದಾಗ ಕಪ್ಪು ಕೆಳಗಿಟ್ಟಳು.
"ಹಂಗಾದ್ರ ಅಕಿ ಸೇರು ಎರಡು ಇಟ್ಟಿರ್ತಾಳ.
ಒಂದು ತೋರ್ಸಾಕ, ಒಂದು ಅಳ್ಯಾಕ."

ಅದು ಪುಸ್ತಕದಲ್ಲಿಲ್ಲ.
ಮೇಜಿನ ಮೇಲೆ, ಸೇಟು ಹೇಳಿ ಬರೆಸಿದ ಸಂಜೆಯ ಚೀಟಿಗಳಿದ್ದವು.
ನಾನು ಆ ಕಡೆ ನೋಡಲಿಲ್ಲ.
"ಹೌದು," ಅಂದೆ, "ಎರಡಿದ್ದವು.
ಒಂದರ ತಳ ಬಡಿದು ಒಳಗೆ ತಳ್ಳಿತ್ತು."
"ತರ್ವಾತ?"

ಗೇಟಿನಲ್ಲಿ ಹಾರನ್ನು. ಆಲೂರಿನ ಲಾರಿ.
ಖಾಲಿ ಚೀಟಿಯೊಂದನ್ನು ಪುಟಕ್ಕೆ ಗುರುತಿಟ್ಟು ಎದ್ದೆ.
ಮಾಲನ್ ಬಿ ಏಳಲಿಲ್ಲ.
ಹನ್ನೊಂದರಲ್ಲಿ ಒಂದು ದಿನವೂ
ಇನ್ನೂ ಕಳೆದಿರಲಿಲ್ಲ.