ಎಲುಬಿಲ್ಲದ್ದು

ಸಂಜೆಯ ಉಬ್ಬರಕ್ಕೆ ಲಾನಿಲ್‌ದು ಬಂದರಿಗೆ ದೋಣಿ ಬಂತು.
ಕಬ್ಬಿಣದ ಕೊಕ್ಕೆ ನೀರೊಳಗೆ ತಿರುತಿರುಗಿ
ಬೆರಳಿಗೆ ಶಾವಿಗೆ ಸುತ್ತುವ ಹಾಗೆ ಕಿತ್ತು ತಂದ ಕಡಲಪಾಚಿ.
ಒಂದು ಕಟ್ಟು ನನ್ನ ಡಬ್ಬಿಗೆ, ಮಿಕ್ಕಿದ್ದೆಲ್ಲ ಲಾರಿಗೆ.

ಸೋಆಜಿಗ್ ಚಿಕ್ಕಮ್ಮ ಕಿಟಕಿಯಿಂದಲೇ ಕೇಳುತ್ತಾಳೆ:
"ಅಜೆನೋರ್, ಹಸುವಿಗೆ ಹಾಕುತ್ತಿದ್ದೆವಲ್ಲೇ ಅದನ್ನ,
ಹೊಲಕ್ಕೆ ಚೆಲ್ಲುತ್ತಿದ್ದೆವು, ಸುಟ್ಟು ಬೂದಿ ಮಾರುತ್ತಿದ್ದೆವು,
ಈಗ ನೀನು ಅದರಿಂದ ಮೂಳೆ ಮಾಡುತ್ತೀಯಾ?"

ಮೂಳೆ ಮಾಡುವುದಿಲ್ಲ, ಚಿಕ್ಕಮ್ಮ.
ಒಣಗಿಸುತ್ತೇನೆ, ಅರೆಯುತ್ತೇನೆ. ಸ್ಪಿರಿಟ್ಟಿನಲ್ಲಿ ನೆನೆಹಾಕಿ
ಸೋಸಿ ಆರಿಸಿದರೆ ತಳದಲ್ಲಿ ಉಳಿಯುವುದು
ಕಷಾಯದ ಮಡ್ಡಿಯಂಥ ಒಂದಿಷ್ಟು ಅಂಟು.
ಅದನ್ನು ಇಲಿಗಳಿಗೆ ಕೊಡುತ್ತೇನೆ,
ಅಂಡಾಶಯ ತೆಗೆದ ಇಲಿಗಳಿಗೆ.
ಮುಟ್ಟು ನಿಂತ ಹೆಂಗಸರ ಬದಲಿಗೆ ನಿಂತವು ಅವು.

ಹನ್ನೆರಡನೆಯ ವಾರದ ಸಂಗತಿ ಅವಳಿಗೆ ಹೇಳಲಿಲ್ಲ.

ಪರದೆಯ ಮೇಲೆ ತೊಡೆಮೂಳೆಯ ಒಳಗು:
ಗೆದ್ದಲು ತಿಂದ ಜಾಲಂಧ್ರ, ಅಲ್ಲಲ್ಲಿ ಕಡ್ಡಿಗಳೇ ಇಲ್ಲ.
ಪಾಚಿಯುಂಡ ಇಪ್ಪತ್ತೇಳನೆಯದರಲ್ಲಿ ಕೊಂಚ ಹೆಚ್ಚು ಕಡ್ಡಿ.
ಕೊಂಚ. ಅದನ್ನೇ ಉಂಡ ಇಪ್ಪತ್ತೆಂಟರಲ್ಲಿ ಅದೂ ಇಲ್ಲ.
ಮೂಳೆ ಕೊರೆಯುವ ಕಣಗಳು ಗಾಜಿನ ಬಟ್ಟಲಲ್ಲಿ ಸುಸ್ತಾದದ್ದು ನಿಜ;
ಬಟ್ಟಲಿಗೆ ವಯಸ್ಸಾಗುವುದಿಲ್ಲ, ಬಟ್ಟಲು ಮೆಟ್ಟಿಲಿಳಿಯುವುದಿಲ್ಲ.

ಅವಳು ಬಿದ್ದದ್ದು ಮೆಟ್ಟಿಲಲ್ಲೂ ಅಲ್ಲ,
ಅಡುಗೆಮನೆಯಲ್ಲಿ, ಬೆಣ್ಣೆಗೆಂದು ತಿರುಗಿದಾಗ.
"ಬಿದ್ದು ಮುರಿಯಲಿಲ್ಲ ಕಣೇ, ಮುರಿದು ಬಿದ್ದೆ,"
ಡಾಕ್ಟರು ಗಂಟೆಗಟ್ಟಲೆ ವಿವರಿಸಿದ್ದು ಅವಳಿಗೆ ಒಂದೇ ಉಸಿರು.

ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆಗಳು:
ಏಳಕ್ಕೆ ನಾನು, ಒಂಬತ್ತಕ್ಕೆ, ಹನ್ನೆರಡಕ್ಕೆ, ಏಣಿ ಹತ್ತಿದಂತೆ.
ಪಕ್ಕದಲ್ಲೇ ಅವಳವು, ಮೇಲಿನಿಂದ ಕೆಳಕ್ಕೆ,
ಎಪ್ಪತ್ತು, ಎಪ್ಪತ್ತಾರು, ಎಂಬತ್ತು.
ಹನ್ನೆರಡರ ನನ್ನನ್ನು ಅವಳು ಹೋದ ವರ್ಷ ದಾಟಿದಳು.

ನಿನ್ನೆ ಡಬ್ಬಿಯಿಂದ ಒಂದು ಎಳೆ ಎತ್ತಿಕೊಂಡು
ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.
"ನೋಡು, ಇದಕ್ಕೆ ಒಂದೂ ಎಲುಬಿಲ್ಲ.
ನಮ್ಮಪ್ಪನ ದೋಣಿ ಒಡೆದ ಬಿರುಗಾಳಿಯಲ್ಲಿ
ಬಂಡೆ ಕಚ್ಚಿಕೊಂಡು ಇದ್ದಲ್ಲೇ ಇತ್ತು.
ಎಲುಬಿಲ್ಲದ್ದು ಎಲುಬಿಗೆ ಏನು ಕಲಿಸೀತು?"

ಗೊತ್ತಿಲ್ಲ ಎಂದೆ. ಇನ್ನೂ ಹತ್ತು ವರ್ಷ ಬೇಕು ಎಂದೆ.
ನಕ್ಕಳು. ಊರುಗೋಲು ಆಚೆಗಿಟ್ಟು
ಚೌಕಟ್ಟಿಗೆ ಬೆನ್ನುಕೊಟ್ಟು ನಿಂತಳು:
"ಪೆನ್ಸಿಲ್ ಎಲ್ಲಿ? ಎಳೆ, ಎಂಬತ್ತೊಂದು."

ಹಿಮ್ಮಡಿ ಎತ್ತಿದ್ದಾಳೆ. ನೋಡಿದೆ.
ಎತ್ತಿದಲ್ಲಿಗೇ ಎಳೆದೆ.